ಪ್ರಶ್ನೆ ಸಿಸ್ಟರ್ ಮತ್ತು ಪಕ್ಕದ ಮಂಚದ ದರ್ಜಿ

ಮಂಗಳವಾರ, 9. ಬೆಳಿಗ್ಗೆ

ಈ ಆಸ್ಪತ್ರೆಯ ಡಾಕ್ಟರುಗಳಿಗೆಲ್ಲ ಸೂಜಿ ಹಿಡಿಯುವುದನ್ನು ಕಲಿಸಿದವನು ನಾನೇ. ಊರ ಶಾಲೆಯನ್ನು ನಾಲ್ಕನೇ ಕ್ಲಾಸಿಗೇ ಬಿಟ್ಟವನು ಅಂದರೆ ಯಾರೂ ನಂಬುವುದಿಲ್ಲ, ಮುಖದ ಕಳೆ ಹಾಗಿದೆ. ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿಯಿತು ಎಂದು ಕೇಸ್ ಶೀಟಿನಲ್ಲಿ ಬರೆದಿದ್ದಾರೆ. ಸುಳ್ಳು. ನಾನು ಹಾರಿದ್ದು. ಏಣಿ ಅಡ್ಡ ಬಂತು.

ಆಪರೇಷನ್ ಮುಗಿದಿದೆ. ಈಗ ಕಾಟವೆಲ್ಲ ಪ್ರಶ್ನೆ ಸಿಸ್ಟರದು. ಹೆಸರು ನಾನಿಟ್ಟದ್ದು. ಉಳಿದ ಸಿಸ್ಟರುಗಳಿಗಿಂತ ಬಹಳ ಹೆಚ್ಚು ಓದಿದವಳು, ಅವರಿಗೆಲ್ಲ ಪಾಠ ಹೇಳುತ್ತಾಳೆ. ಸಂಶೋಧನೆಯಲ್ಲಿ ಸಾಬೀತಾದದ್ದೇ ವಾರ್ಡಿನಲ್ಲಿ ನಡೆಯಬೇಕು, ಹಿಂದಿನಿಂದ ಬಂದದ್ದು ಎಂದು ಏನನ್ನೂ ಮಾಡಕೂಡದು — ಅದು ಅವಳ ಹಟ. ವಯಸ್ಸಾದ ರೋಗಿಗಳ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ದಿನಾ ಪರೀಕ್ಷೆ.

"ಯಜಮಾನ್ರೇ, ಕಲ್ಲು ನೀರಲ್ಲಿ ತೇಲುತ್ತಾ?"

"ನಾನು ಹಾಕಿದ್ರೆ ತೇಲುತ್ತೆ ಕಣಮ್ಮಾ."

ನಗಲಿಲ್ಲ. "ಇವತ್ತು ಯಾವ ವಾರ?"

ಗೊತ್ತಾಗಲಿಲ್ಲ. ಪಕ್ಕದ ಮಂಚದ ದರ್ಜಿ ಮೆಲ್ಲಗೆ ಉಸುರಿದ — ಮಂಗಳವಾರ. ಕಾಪಿ ಹೊಡೆಯುವುದರಲ್ಲಿ ನಾನು ಶಾಲೆಗೇ ಮೊದಲಿಗ. ಪಾಸು.

ಅಕ್ಕನ ಮಗ ಬಂದಿದ್ದ. "ಮಾವ, ತಲೆ ಸರಿ ಇದ್ರೆ ಮನೆಗೆ ಬಿಡ್ತಾರಂತೆ. ಇಲ್ದಿದ್ರೆ ಇಲ್ಲೇ ಇರಬೇಕಂತೆ. ತರಲೆ ಮಾಡ್ಬೇಡಿ."

ಇಲ್ಲೇ! ಇನ್ನೊಂದು ವಾರ ಈ ಫಿನಾಯಿಲ್ ವಾಸನೆ ಕುಡಿದರೆ ಸತ್ತೇಹೋಗುತ್ತೇನೆ.

ಬುಧವಾರ, 10. ಮಧ್ಯಾಹ್ನ

ದರ್ಜಿ ಒಳ್ಳೆಯವನು. ಇಂಚು ಟೇಪು ಕೊರಳಲ್ಲೇ ಇರುತ್ತದೆ. ಊಟ ಮಾಡಿದ್ದನ್ನು ನಾನು ನೋಡಿಲ್ಲ. ಬಿಸಿಲು ಅವನ ಮಂಚದವರೆಗೆ ಬಂದು ಅಲ್ಲೇ ನಿಲ್ಲುತ್ತದೆ.

ಇವತ್ತು ವಾರಗಳನ್ನು ಹಿಂದಿನಿಂದ ಹೇಳಬೇಕಿತ್ತು. ಶನಿವಾರ, ಶುಕ್ರವಾರ... ಆಮೇಲೆ ಬರೀ ಮಂಜು. ದರ್ಜಿಯ ಕಡೆ ನೋಡಿದೆ.

"ಪುಕ್ಕಟೆ ಯಾಕೆ ಹೇಳ್ಲಿ?" ಅಂದ.

"ಏನು ಬೇಕೋ ನಿಂಗೆ?"

"ಒಂದು ದಿನ ಕೊಡಿ."

"ಯಾವ ದಿನ?"

"ಕೊನೇ ಕಡೆಯಿಂದ. ಬಟ್ಟೆ ಥಾನಿನ ತುದಿಯಿಂದ ಕತ್ತರಿಸಲ್ವಾ, ಹಾಗೆ."

ಎಂಥ ವ್ಯಾಪಾರ! ಕೊನೆಯ ದಿನ ಯಾರಿಗೆ ಬೇಕು? ಕೊಟ್ಟೆ. ಹೇಳಿಕೊಟ್ಟ. ಟೇಪಿನಲ್ಲಿ ನನ್ನ ಕಾಲಿನಿಂದ ಒಂದು ಚೂರು ಅಳೆದು ಗುರುತಿಗೆ ಬೆರಳು ಒತ್ತಿದ. ಬೆರಳು ತಣ್ಣಗಿತ್ತು.

ಶುಕ್ರವಾರವಂತೆ

ಗುರುವಾರ ಎಲ್ಲಿ ಹೋಯಿತೋ ನೆನಪಿಲ್ಲ. ಕೂಗಾಡಿದೆನಂತೆ, ಕೈಗೆ ಚುಚ್ಚಿದ್ದ ಡ್ರಿಪ್ ಕಿತ್ತು ಬಿಸಾಡಿದೆನಂತೆ. ನನ್ನಂಥ ಸಾಧು ಪ್ರಾಣಿ!

ಪ್ರಶ್ನೆ ಸಿಸ್ಟರ್ ಕುರ್ಚಿ ಎಳೆದು ಕೂತಳು. "ಪ್ರತಿ ಸಲ ಉತ್ತರಕ್ಕೆ ಮುಂಚೆ ಆ ಕಡೆ ಯಾರನ್ನ ನೋಡ್ತೀರಿ ಯಜಮಾನ್ರೇ?"

"ದರ್ಜಿನ."

ಚಿಕ್ಕ ಸಿಸ್ಟರ್ ಕಿಸಕ್ಕನೆ ನಕ್ಕಳು. "ನಗಬಾರದು," ಅಂದಳು ಇವಳು. "ಅವರಿಗೆ ಕಾಣ್ತಿದೆ."

ಪಕ್ಕದ ಮಂಚದಲ್ಲಿ ಹಾಸಿಗೆ ಸುರುಳಿ ಸುತ್ತಿಟ್ಟಿದೆ. ನಾನು ಬಂದಾಗಿನಿಂದ ಅಲ್ಲಿ ಯಾರೂ ಮಲಗಿಲ್ಲವಂತೆ. ಸುರುಳಿಯ ಮೇಲೆ ದರ್ಜಿ ಕಾಲು ಇಳಿಬಿಟ್ಟು ಕೂತಿದ್ದ. ತುಟಿಯ ಮೇಲೆ ಬೆರಳು.

ಡಾಕ್ಟರ್ ಅಂದ, "ವಯಸ್ಸು. ನಿದ್ದೆ ಮಾತ್ರೆ ಜಾಸ್ತಿ ಮಾಡಿ."

"ಬೇಡ ಸರ್. ಆ ಮಾತ್ರೆಯಿಂದ ಭ್ರಮೆ ಹೆಚ್ಚಾಗುತ್ತೆ ಅಂತ ಸಾಬೀತಾಗಿದೆ. ಯೂರಿನ್ನಲ್ಲಿ ಸೋಂಕಿದೆ, ರಿಪೋರ್ಟ್ ನೋಡಿ. ಮೂತ್ರದ ಪೈಪು ತೆಗೆಯೋಣ, ಸೋಂಕಿಗೆ ಔಷಧಿ ಕೊಡೋಣ, ಕಿಟಕಿ ಪಕ್ಕ ಹಾಕೋಣ. ಮನೆಯವರೊಬ್ಬರು ಜೊತೆಗಿರಲಿ."

ಡಾಕ್ಟರ್ ರಿಪೋರ್ಟ್ ನೋಡಿದ, ತಲೆಯಾಡಿಸಿದ. ನನ್ನತ್ತ ತಿರುಗಿ ಅವಳು ಅಂದಳು, "ಇದು ಹುಚ್ಚಲ್ಲ. ಕಾಯಿಲೆ. ಹೋಗುತ್ತೆ."

ಹೋಗುವುದು ಯಾರು?

ಶನಿವಾರ, 13. ಸಂಜೆ

ಕಿಟಕಿ ಪಕ್ಕ. ಕನ್ನಡಕ ಹಾಕಿಸಿದರು. ಅಕ್ಕನ ಮಗ ಪೇಪರು ಓದಿ ಹೇಳುತ್ತಾನೆ, ಅವನ ಉಚ್ಚಾರ ಕೇಳಿದರೆ ಕಾಯಿಲೆ ತಾನೇ ಓಡಬೇಕು.

ಕನ್ನಡಕ ಹಾಕಿದರೆ ದರ್ಜಿ ತೆಳ್ಳಗೆ ಕಾಣುತ್ತಾನೆ, ಒಗೆದೊಗೆದು ಸವೆದ ಪಂಚೆಯ ಹಾಗೆ. ಆಚೆಗಿನ ಗೋಡೆ ಕಾಣುತ್ತದೆ. ಅಕ್ಕನ ಮಗ ಟೀ ತರಲು ಹೋದಾಗ ದರ್ಜಿ ಹತ್ತಿರ ಬಂದ.

"ನಾಳೆ ದೊಡ್ಡ ಪರೀಕ್ಷೆ. ಫೇಲಾದ್ರೆ ಇಲ್ಲೇ ನೀವು. ನನ್ನ ಪಕ್ಕದಲ್ಲೇ. ಬಿಡಿಬಿಡಿ ದಿನದ ಲೆಕ್ಕ ಸಾಕು. ಸಗಟು ಮಾತಾಡಿ."

ಹೆದರಿದೆ. ಬರೆಯಲು ನಾಚಿಕೆ — ನಾನು ಹೆದರಿದೆ. ಹೂಂ ಅಂದೆ. ಈ ಸಲ ಟೇಪು ಬಹಳ ಹೊತ್ತು ಸರಿಯಿತು. ಪಾದದಿಂದ ಮೇಲೆ, ಮೇಲೆ. ಮೊಣಕಾಲು ದಾಟಿತು.

ಭಾನುವಾರ, 14

ಪರೀಕ್ಷೆ ಆಯಿತು. ವಾರ, ತಾರೀಖು, ಹಿಂದಿನಿಂದ ವಾರಗಳು, ಕಲ್ಲು ಮುಳುಗುತ್ತದೆ. ಎಲ್ಲ ಸರಿ.

ದರ್ಜಿಯ ಮಂಚದ ಕಡೆ ನೋಡಿದೆ. ಮಂಚ ಬರೀ ಮಂಚ. ಒಂದು ಉತ್ತರವನ್ನೂ ಅವನು ಹೇಳಿಕೊಡಲಿಲ್ಲ. ಎಲ್ಲ ನನಗೇ ಗೊತ್ತಿತ್ತು.

"ಶಭಾಷ್ ಯಜಮಾನ್ರೇ!" ಅಂದಳು ಪ್ರಶ್ನೆ ಸಿಸ್ಟರ್. ಮೊದಲ ಸಲ ನಕ್ಕಳು. ನನಗೆ ನಗು ಬರಲಿಲ್ಲ.

ಸೋಮವಾರ, 15. ಹೊರಡುವ ಮುಂಚೆ

ದರ್ಜಿ ಏನೇನು ಹೇಳುತ್ತಿದ್ದ ಎಂದು ಪ್ರಶ್ನೆ ಸಿಸ್ಟರ್ ಕೇಳಿದಳು. ಮುಂದಿನ ರೋಗಿಗಳಿಗೆ ಉಪಯೋಗವಾಗುತ್ತದಂತೆ. ಹೇಳಿದೆ. "ಎಷ್ಟು ಕೊಟ್ರಿ ಅವನಿಗೆ?"

"ಒಂದೆರಡು ದಿನ ಅಷ್ಟೇ ಕಣಮ್ಮಾ. ನನ್ನ ಹತ್ರ ವ್ಯಾಪಾರದಲ್ಲಿ ಗೆಲ್ಲೋದುಂಟಾ?"

"ಅದೆಲ್ಲ ಕಾಯಿಲೆಯ ಮಾತು. ಅವನೂ ಇಲ್ಲ, ವ್ಯಾಪಾರವೂ ಇಲ್ಲ. ಮನಸ್ಸಿಗೆ ಹಚ್ಕೋಬೇಡಿ."

ಅವಳು ಹೇಳಿದ್ದೆಲ್ಲ ಇದುವರೆಗೆ ನಿಜವಾಗಿದೆ. ಇದೂ ನಿಜವೇ ಇರಬೇಕು.

ಅಕ್ಕನ ಮಗ ವೀಲ್‌ಚೇರ್ ತರುತ್ತಿದ್ದಾನೆ. ಬೇಗ ಬರೆದುಬಿಡುತ್ತೇನೆ. ಒಂದೆರಡು ದಿನವಲ್ಲ. ಶನಿವಾರ ಸಂಜೆ ನಾನು ಹೂಂ ಅಂದದ್ದು ಒಂಬತ್ತು ವರ್ಷಕ್ಕೆ. ನನ್ನ ಹತ್ತಿರ ಒಟ್ಟು ಎಷ್ಟು ವರ್ಷ ಉಳಿದಿತ್ತು ಎಂದು ಕೇಳಲು ಮಾತ್ರ ಮರೆ—