ತಪ್ಪು ಜಾಗದಲ್ಲಿ ಒತ್ತಿದರೆ ಬರುವ ಸದ್ದು

ಗದಗ, ೨೧೮೯ರ ಫೆಬ್ರವರಿ ೩೦

ದಾಕ್ಷಾಯಿಣಿ ಹುಲಕೋಟಿಯವರಿಗೆ ನಮಸ್ಕಾರ.

ತಾರೀಖು ನೋಡಿ ಹುಬ್ಬೇರಿಸಬೇಡಿ, ನಿಮಗಿಂತ ನೂರಾರು ವರ್ಷ ಮುಂದಿನ ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದ್ದಾರೆ. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ಜೈತುನ್ ನದಾಫ್, ಕಸುಬಿನಲ್ಲಿ ಒಗ್ಗಿಸುವವಳು; ಅಂದರೆ ಹಳೆಯ ಪ್ರೋಗ್ರಾಂಗಳನ್ನು ಹೊಸ ಯಂತ್ರಗಳಿಗೆ ಹೊಂದಿಸಿಕೊಡುವವಳು. ನೀವು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ‘ಮಾತಿನ ಹಲಗೆ’ ನಮ್ಮೂರಲ್ಲಿ ಇನ್ನೂ ಬದುಕಿದೆ. ಹುಟ್ಟಿನಿಂದ ಮಾತು ಬಾರದ ಪಾರವ್ವ ಅದರ ಚಿತ್ರಗಳನ್ನು ಒತ್ತುತ್ತಾಳೆ, ಅದು ಅವಳ ಪರವಾಗಿ ಮಾತಾಡುತ್ತದೆ.

ಈ ವರ್ಷ ಹಳೆಯ ಡೆಸ್ಕ್‌ಟಾಪಿಗೆ ‘ಬೀಳ್ಕೊಡುಗೆ’ ಬಂತು. ಪರದೆಯ ಮೇಲೆ ಕಿಟಕಿ, ಗುಂಡಿಗಳನ್ನು ಬಿಡಿಸಿಕೊಡುತ್ತಿದ್ದ ಅದರ ಲೈಬ್ರರಿಯನ್ನು, ಅಂದರೆ ಸಿದ್ಧ ಕೋಡಿನ ಗಂಟನ್ನು, ಯುಗಾದಿಯ ನಂತರ ಯಾರೂ ನೋಡಿಕೊಳ್ಳುವುದಿಲ್ಲ, ಯಂತ್ರವೇ ಅಳಿಸಿಹಾಕುತ್ತದೆ ಎಂಬ ನೋಟೀಸು. ಅಷ್ಟರೊಳಗೆ ಒಗ್ಗಿಸದಿದ್ದರೆ ಪಾರವ್ವನ ಬಾಯಿ ಕಟ್ಟಿದಂತೆಯೇ. ನಿಮ್ಮ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. ಮಾತು ಜೋಡಿಸುವ ಕೆಲಸ, ಗುಂಡಿ ಬಿಡಿಸುವ ಕೆಲಸ ಎರಡನ್ನೂ ಒಂದೇ ಕಡತದಲ್ಲಿ ಕಲಸಿಟ್ಟಿದ್ದೀರಲ್ಲ ತಾಯಿ! ಎಳೆ ಎಳೆಯಾಗಿ ಬಿಡಿಸಿ, ಎಲ್ಲ ಯಂತ್ರಗಳಲ್ಲೂ ನಡೆಯುವ ಬೇರೊಂದು ಲೈಬ್ರರಿಗೆ ಕಟ್ಟುವಷ್ಟರಲ್ಲಿ ಸಾಕುಸಾಕಾಯಿತು. ಪ್ರತಿ ಚಿತ್ರ, ಪ್ರತಿ ಮಾತು ಸರಿಯಾಗಿ ಬಂತು. ಹೆಮ್ಮೆಯಿಂದ ಒಪ್ಪಿಸಿದೆ.

ವಾರ ಕಳೆಯುವಷ್ಟರಲ್ಲಿ ಅವಳ ತಂಗಿ ಶಾಂತವ್ವ ಬಂದಳು. “ಮಾತೇನೋ ಎಲ್ಲಾ ಬರ್ತಾವ್ರೀ. ಆದ್ರ ನಮ್ಮಕ್ಕ ನಗೋದು ಬಿಟ್ಟಾಳ,” ಎಂದಳು.

ನಿಮ್ಮ ಕಡತವನ್ನೆಲ್ಲ ಜಾಲಾಡಿದೆ. ನಗು ಎಲ್ಲಿಯೂ ಇರಲಿಲ್ಲ. ಕೊನೆಗೆ ಪಾರವ್ವನನ್ನು ಹಳೆಯ ಯಂತ್ರದ ಮುಂದೆ ಕೂರಿಸಿ, ಅವಳನ್ನು ರೇಗಿಸಲು ಶಾಂತವ್ವನಿಗೆ ಹೇಳಿದೆ. “ನಿನ್ನ ರೊಟ್ಟಿ ತಿಂದ್ರ ನಾಯೀನೂ ಊರು ಬಿಡತೈತಿ,” ಎಂದಳು ಅವಳು. ಪಾರವ್ವ ‘ಮುಚ್ಚಬೇಕೇ?’ ಎಂದು ಕೇಳುವ ಚಿಕ್ಕ ಕಿಟಕಿ ತೆರೆದು, ಬೇಕಂತಲೇ ಅದರ ಹೊರಗೆ ಒತ್ತಿದಳು. ಟಿಣ್. ಟಿಣ್ ಟಿಣ್. ಅಲ್ಲಿ ಒತ್ತಬೇಡ ಎಂದು ಡೆಸ್ಕ್‌ಟಾಪು ತಾನಾಗಿಯೇ ಕೊಡುತ್ತಿದ್ದ ಎಚ್ಚರಿಕೆ ಅದು. ನೀವು ಬರೆದದ್ದಲ್ಲ, ಹಾಗಾಗಿ ನಾನು ಉಳಿಸಿಕೊಂಡದ್ದೂ ಅಲ್ಲ. ಅದನ್ನೇ ಅವಳು ಎಳವೆಯಿಂದ ತನ್ನ ನಗುವಾಗಿ ಮಾಡಿಕೊಂಡಿದ್ದಳು. ನನಗೆ ಅಳು ಬಂತು.

ಯುಗಾದಿಗೆ ಮೊದಲೇ ಆ ಸದ್ದನ್ನು ಹಿಡಿದು ಹೊಸ ಹಲಗೆಯೊಳಗೆ ಸೇರಿಸಿದೆ. ಇನ್ನು ಯಾವ ಯಂತ್ರ ಹೋದರೂ ಅದು ಹೋಗುವುದಿಲ್ಲ.

ನನ್ನದೊಂದು ಕೋರಿಕೆ. ಪರದೆಯ ಕೆಲಸವನ್ನು ದಯವಿಟ್ಟು ಬೇರೆ ಕಡತದಲ್ಲಿ ಬರೆಯಿರಿ, ಮತ್ತು ಬರೆದ ಮೇಲೆ ಬಳಸುವವರ ಪಕ್ಕ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ನಿಮಗೆ ಏನು ತಿಳಿಸಲಿ ಎಂದು ಪಾರವ್ವನನ್ನೂ ಕೇಳಿದೆ. ಅವಳ ಉತ್ತರವನ್ನು ಕಾಗದದಲ್ಲಿ ಕಳಿಸಲಾರೆ. ನಿಮ್ಮ ಡೆಸ್ಕ್‌ಟಾಪಿನಲ್ಲಿ ಅದು ಇನ್ನೂ ಇದೆ; ಒಮ್ಮೆ ತಪ್ಪು ಜಾಗದಲ್ಲಿ ಒತ್ತಿ, ಕೇಳಿ.