ಬಾಗೂರು ರಸ್ತೆಯ ಓಟ

ಹೊಸದುರ್ಗ

ಅಪ್ಪನಿಗೆ ರಂಜಿತಾಳ ನಮಸ್ಕಾರ.

ಪೊಲೀಸ್ ಕೆಲಸದ ಓಟದ ಪರೀಕ್ಷೆ ಮುಂದಿನ ವಾರ. ದಿನಾ ಬೆಳಿಗ್ಗೆ ಬಾಗೂರು ರಸ್ತೆಯಲ್ಲಿ ಓಡುತ್ತಿದ್ದೆ. ಈಗ ಮೊದಲಿನಂತೆ ಏದುಸಿರು ಬರುವುದಿಲ್ಲ. ಆದರೆ ನಾನು ಮದುವೆಯಾಗಲು ನಿರಾಕರಿಸಿದ ಆ ಸುದೀಪ ಬೈಕಿನಲ್ಲಿ ಹಿಂದೆಯೇ ಬರುತ್ತಿದ್ದ. "ಎಲ್ಲಿಗಂಟ ಓಡ್ತೀಯ ಓಡು, ನಂಗೇನು ಅವಸರ ಇಲ್ಲ" ಅನ್ನುತ್ತಿದ್ದ. ರಸ್ತೆ ಬದಲಿಸಿದೆ. ಅಲ್ಲಿಯೂ ನನಗಿಂತ ಮೊದಲೇ ಬಂದು ನಿಂತಿದ್ದ. ಹೊಸ ರಸ್ತೆಯ ವಿಷಯ ನಾನು ಫೋನಿನಲ್ಲಿ ಹೇಳಿದ್ದು ಅಣ್ಣನಿಗೊಬ್ಬನಿಗೇ.

ನಿನ್ನೆ ಬೈಕನ್ನು ಅಡ್ಡ ನಿಲ್ಲಿಸಿದ. ರಾಗಿ ಹೊಲಕ್ಕಿಳಿದು ತಪ್ಪಿಸಿಕೊಂಡೆ. ಅವನು ಬೆನ್ನಟ್ಟಲಿಲ್ಲ, ನಗುತ್ತಾ ನಿಂತಿದ್ದ.

ಓಡುವುದನ್ನು ನಾನು ಬಿಡುವುದಿಲ್ಲ ಅಪ್ಪ. ಕುರಿಗಳನ್ನು ಅವ್ವನಿಗೆ ಒಪ್ಪಿಸಿ ಬೇಗ ಬಾ, ಠಾಣೆಗೆ ಹೋಗಿ ದೂರು ಕೊಡೋಣ. ಎಲ್ಲಿಗೆ ಹೊರಟೆ ಎಂದು ಅಣ್ಣ ಕೇಳಿದರೆ ಹೇಳಬೇಡ.

ನಿನ್ನ ದಾರಿ ನೋಡುತ್ತಿರುವ
ರಂಜಿತಾ