ವಾಕಿಟಾಕಿಯಲ್ಲಿ ಮಾವನ ಹೆಸರು

ಚೋನ್-ಅರ್ಚಾ ಗುಡ್ಡದ ಕ್ಯಾಂಟೀನಿನಿಂದ,
ಫೆಬ್ರವರಿ ೧೨, ಬುಧವಾರ

ನನ್ನ ಮಗು ಎಲ್ದಿಯಾರ್‌ಗೆ,

ಆಸ್ಪತ್ರೆಯ ಸಪ್ಪೆ ಸೂಪು ಕುಡಿದು ಕುಡಿದು ನಿನ್ನ ನಾಲಿಗೆ ಸತ್ತಿರಬೇಕು. ಮೊಣಕಾಲಿನ ಹೊಲಿಗೆ ಬಿಚ್ಚಿದರಾ? ಇಷ್ಟು ದಿನ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಮೊದಲು ಬಿರುಗಾಳಿಗೆ ದಾರಿ ಮುಚ್ಚಿತ್ತು. ದಾರಿ ಬಿಟ್ಟ ಮೇಲೆ ನನಗೇ ಬರೆಯಲು ಕೈ ಬರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅರ್ಧ ಮಾತನ್ನು ಸಿಗ್ನಲ್ ನುಂಗುತ್ತದೆ, ಉಳಿದರ್ಧ ಕ್ಯಾಂಟೀನಿನವರ ಕಿವಿಗೆ. ಬಿಷ್ಕೆಕ್‌ಗೆ ಹೊರಟಿರುವ ವ್ಯಾನಿನವನ ಕೈಲಿ ಈ ಕಾಗದ ಮತ್ತು ಒಂದು ಡಬ್ಬಿ ಬೋರ್ಸೋಕ್ ಕಳಿಸಿದ್ದೇನೆ. ಬಿಸಿಯಾಗಿ ಕರಿದದ್ದು, ಪಕ್ಕದ ಮಂಚದವರಿಗೂ ಕೊಡು.

ಸುದ್ದಿ ಆಗಲೇ ನಿನಗೆ ಮುಟ್ಟಿರುತ್ತದೆ. ನಿನ್ನ ಸೋದರತ್ತೆಯ ಬಾಯಿಗೆ ಬೀಗ ಎಲ್ಲಿದೆ? ನಿನ್ನ ಹೆಂಡತಿ ಸಾಲ್ಕಿನ್ ಇಡೀ ಗುಡ್ಡಕ್ಕೆ ಕೇಳುವ ಹಾಗೆ ಮಾವನ ಹೆಸರು ಹಿಡಿದು ಕೂಗಿದಳು, ಅದೂ ಏಕವಚನದಲ್ಲಿ, ಅಂದಿರುತ್ತಾಳೆ. ನಿಜವೇ. ಕೂಗಿದಳು. ಏಕೆ ಕೂಗಿದಳೆಂದು ನನ್ನಿಂದ ಕೇಳು.

ಭಾನುವಾರ ಬೆಳಿಗ್ಗೆ ಗಾಳಿ ನಿಂತು ಆಕಾಶ ತೊಳೆದಿಟ್ಟ ಹಾಗಿತ್ತು. ಅಲ್ಮಾತಿಯಿಂದ ಬಂದ ಆರು ಜನ ಅತಿಥಿಗಳು ಫೋನು ಹಿಡಿದು ಕುಣಿಯುತ್ತಿದ್ದರು: ಇಪ್ಪತ್ತು ಸೆಂಟಿಮೀಟರ್ ಹೊಸ ಹಿಮ, ದಿನವಿಡೀ ಬಿಸಿಲು, ಇನ್ನೇನು ಬೇಕು! ನಿನ್ನಪ್ಪನಿಗೂ ಹುರುಪು ಬಂತು. ಇವರನ್ನು ಸ್ಕೀ ಆಡಿಸಲು ತಾನೇ ಪೂರ್ವದ ಇಳಿಜಾರಿಗೆ ಕರೆದುಕೊಂಡು ಹೋಗುತ್ತೇನೆ ಅಂದರು.

ಸಾಲ್ಕಿನ್ ಅಷ್ಟರಲ್ಲಾಗಲೇ ಮೇಲೆ ಹೋಗಿ, ನೀನು ಕಲಿಸಿದ ಹಾಗೆ ಹಿಮದಲ್ಲಿ ಗುಂಡಿ ತೋಡಿ ನೋಡಿ ಬಂದಿದ್ದಳು. ತಲೆ ತಗ್ಗಿಸಿ ನಿನ್ನಪ್ಪನಿಗೆ ಚಹಾ ಬಸಿದುಕೊಡುತ್ತ, "ಆತಾ, ಪೂರ್ವದ ಕಡೆ ಇವತ್ತು ಬೇಡವೇನೋ ಅನ್ಸುತ್ತೆ" ಅಂದಳು. ಅಷ್ಟೇ.

ಅಡುಗೆಮನೆಗೆ ಬಂದು ನನಗೆ ಬಿಡಿಸಿ ಹೇಳಿದಳು. ಫೋನಿನ ಇಪ್ಪತ್ತು ಸೆಂಟಿಮೀಟರ್ ಈ ಕ್ಯಾಂಟೀನಿನ ಸೂರಿನ ಲೆಕ್ಕವಂತೆ. ಪಶ್ಚಿಮದ ಗಾಳಿ ಆ ಮಗ್ಗುಲಿನ ಹಿಮವನ್ನೆಲ್ಲ ಗುಡಿಸಿ ತಂದು ಪೂರ್ವದ ಇಳಿಜಾರಿಗೆ ಮೆತ್ತಿದೆ, ಅದು ಹಲಗೆಯ ಹಾಗೆ ಗಟ್ಟಿಯಾಗಿ ಕೂತಿದೆ. ಅದರ ಕೆಳಗಿರುವುದು ನವೆಂಬರಿನ ಹಳೇ ಹಿಮ, ಸಕ್ಕರೆಯಾಗಿ ಹೋಗಿದೆ, ಮುಷ್ಟಿಯಲ್ಲಿ ಹಿಡಿದರೆ ನಿಲ್ಲುವುದಿಲ್ಲ. ಸಲಿಕೆಯಿಂದ ಮೆಲ್ಲಗೆ ತಟ್ಟಿದ್ದಕ್ಕೇ ಮೇಲಿನ ಹಲಗೆ ಜಾರಿತಂತೆ. "ಎಷ್ಟು ಬೀಳುತ್ತೆ ಅಂತ ಫೋನು ಹೇಳುತ್ತೆ ಅತ್ತೆ, ಬಿದ್ದಿದ್ದು ಯಾವುದರ ಮೇಲೆ ಕೂತಿದೆ ಅಂತ ಹೇಳಲ್ಲ" ಅಂದಳು. ಹಾಗಾದರೆ ಇದನ್ನೇ ಮಾವನಿಗೆ ಹೇಳೇ ಹುಡುಗಿ ಅಂದೆ. ಹೇಳಿದೆನಲ್ಲ ಅಂದಳು. ಹೇಳಿದ್ದಳು ಕಣೋ, ಸೊಸೆ ಹೇಳುವ ಹಾಗೆ. ನಾವು ಕಲಿಸಿದ್ದೂ ಅದನ್ನೇ. ನಿನ್ನಪ್ಪ ಅದನ್ನೊಂದು ಮರ್ಯಾದೆಯ ಮಾತೆಂದುಕೊಂಡು ಕಪ್ಪು ಕೆಳಗಿಟ್ಟು ಎದ್ದು ಹೋಗಿದ್ದರು.

ಅವಳಿಗೆ ಜೀವ ತಡೆಯಲಿಲ್ಲ. ಅವರ ಹಿಂದೆ ಬಂದ ರೋಪ್‌ವೇ ಕುರ್ಚಿ ಹಿಡಿದು ತಾನೂ ಮೇಲೆ ಹೋದಳು. ನಾನು ಲಗ್ಮನ್‌ಗೆ ಶಾವಿಗೆಯ ಹಿಟ್ಟು ನಾದುತ್ತಿದ್ದೆ, ವಾಕಿಟಾಕಿ ಕಿಟಕಿಯ ಮೇಲಿತ್ತು. ಇದ್ದಕ್ಕಿದ್ದಂತೆ ಅವಳ ದನಿ: "ಆತಾ, ನಿಲ್ಲಿ. ಇಲ್ಲಿ ನನ್ನ ಕಾಲ ಕೆಳಗೇ ಹಿಮ ಗುಮ್ ಅಂತ ಕುಸೀತು. ಆತಾ, ಇಳೀಬೇಡಿ."

ಯಾವ ಅಪ್ಪನೆಂದು ತಿಳಿಯುವುದು? ಗುಡ್ಡದಲ್ಲಿ ಗಡ್ಡ ಬೆಳ್ಳಗಾದವರೆಲ್ಲ ಆತಾಗಳೇ. ಕುರ್ಚಿ ಓಡಿಸುವ ಮುದುಕ ಏನಮ್ಮಾ ಅಂದ. ಹಿಮ ಸವರುವ ಗಾಡಿಯ ಮುದುಕ, ನಾನು ಇಳೀತಿಲ್ಲ ಮಗಳೇ, ಬ್ರೆಡ್ ತಿಂತಾ ಇದೀನಿ ಅಂದ. ಯಾರೋ ನಕ್ಕರು. ನಿನ್ನಪ್ಪನ ದನಿ ಮಾತ್ರ ಇಲ್ಲ. ಅವಳು ಇನ್ನೊಂದು ಸಲ ಕರೆದಳು. ಆಗಲೂ ಇಲ್ಲ.

ಆಮೇಲೆ ಕೇಳಿದ್ದು ಇದು:

"ಶಾರ್ಷೆನ್! ನಿಲ್ಲು!"

ಮದುವೆಯಾಗಿ ಬಂದಾಗಿನಿಂದ ನಾನೇ ಬಾಯಲ್ಲಿ ಆಡದ ಹೆಸರು ಅದು. ಮೊದಲು ನನಗೆ ಬಂದದ್ದು ಸಿಟ್ಟೇ, ಸುಳ್ಳು ಯಾಕೆ ಹೇಳಲಿ.

ಇಳಿಜಾರಿಗೆ ತಿರುಗಿಸಿದ್ದ ಸ್ಕೀಯನ್ನು ನಿನ್ನಪ್ಪ ಹಿಂದಕ್ಕೆಳೆದುಕೊಂಡರಂತೆ. ಅದರ ತುದಿಯಿಂದಲೇ ಬಿರುಕು ಹೊರಟಿತು. ನೋಡನೋಡುತ್ತಲೇ ಇಡೀ ಮಗ್ಗುಲು ಕಳಚಿ ಕೆಳಗೆ ಹೋಯಿತು. ಇಲ್ಲಿ ನನ್ನ ಪಾತ್ರೆಗಳು ಗಡಗಡ ಅಂದವು. ಆರು ಜನ ಅತಿಥಿಗಳೂ ಅವರ ಬೆನ್ನಿಗೇ ನಿಂತಿದ್ದರಂತೆ. ಯಾರಿಗೂ ಗೀರೂ ಆಗಲಿಲ್ಲ.

ಸಾಲ್ಕಿನ್ ಕೆಳಗೆ ಬಂದಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ. ನಿನ್ನ ಸೋದರತ್ತೆ ಕ್ಷಮೆ ಕೇಳಿಸಬೇಕೆಂದೇ ಓಡಿ ಬಂದಿದ್ದಳು. ನಿನ್ನಪ್ಪ ಎಲ್ಲರೆದುರು, "ಹೆಸರಿಟ್ಟಿರೋದೇ ಕರೆಯೋಕೆ, ಸುಮ್ನೆ ಕೂತ್ಕೋ" ಅಂದು ನಿನ್ನ ಸೋದರತ್ತೆಯ ಬಾಯಿ ಮುಚ್ಚಿಸಿದರು. ಅಲ್ಮಾತಿಯವರು ಚಪ್ಪಾಳೆ ತಟ್ಟಿದರು. ಹೊಟ್ಟೆ ತಣ್ಣಗಾಯಿತು ನನಗೆ. ಎಲ್ಲ ಮುಗಿಯಿತೆಂದುಕೊಂಡೆ.

ಮುಗಿದಿಲ್ಲ. ಸಾಲ್ಕಿನ್ ಸಲಿಕೆ, ಕೋಲು ಎಲ್ಲ ಒರೆಸಿ ನಿನ್ನ ಪೆಟ್ಟಿಗೆಗೆ ಹಾಕಿಟ್ಟಿದ್ದಾಳೆ. ಇನ್ನು ಮೇಲೆ ಹೋಗುವುದಿಲ್ಲವಂತೆ. ಶುಕ್ರವಾರ ಮತ್ತೆ ಹಿಮವಿದೆ, ಗಾಳಿಯೂ ಇದೆ, ಬಿಡಾರ ಭರ್ತಿ. ಗುಡ್ಡದ ಮಾಲೀಕರು ಎಲ್ಲ ಇಳಿಜಾರೂ ತೆರೆಯಿರಿ ಅನ್ನುತ್ತಿದ್ದಾರೆ. ಅವಳಿಲ್ಲದಿದ್ದರೆ ಹಿಮ ನೋಡುವವರು ನಿನ್ನಪ್ಪ ಒಬ್ಬರೇ. ನೀನೊಂದು ಮಾತು ಅವಳಿಗೆ ಬರೆ. ಸೊಸೆ ಹೆಸರು ಹಿಡಿದದ್ದು ತಪ್ಪಲ್ಲ, ಗುಡ್ಡಕ್ಕೆ ಹೋಗು ಅಂತ ಬರೆ. ಗಂಡನ ಮಾತು ಕೇಳುತ್ತಾಳೆ.

ದೇವರು ನಿನ್ನ ಕಾಲಿಗೆ ಬಲ ಕೊಡಲಿ, ನಿನ್ನ ಒಲೆ ಆರದಿರಲಿ, ನೀನು ನಡೆದುಕೊಂಡೇ ಈ ಹೊಸಿಲು ದಾಟಿ ಬರುವಂತಾಗಲಿ. ಓಮಿನ್.

ನಿನ್ನ ತಾಯಿ,
ಕಲಿಪಾ

ತಾ.ಕ.: ಮಡಿಸಿಟ್ಟಿದ್ದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಈಗ ತಾನೇ ಸಾಲ್ಕಿನ್‌ಳನ್ನು ಒಳಗೆ ಕರೆದು, ನಾಚಿಕೆಗೇ ಹೀಗೆ ಮಾಡ್ತಿದೀಯೇನೇ ಅಂತ ಕೇಳಿದೆ. "ನಾಚಿಕೆ ಅಲ್ಲ ಅತ್ತೆ. ಮೇಲಿಂದ ಆತಾ ನನಗೆ ಕಾಣ್ತಾ ಇದ್ರು. ಮೊದಲನೇ ಸಲ ಕರೆದಾಗಲೇ ತಲೆ ಎತ್ತಿ ನನ್ನ ಕಡೆ ನೋಡಿದ್ರು. ಎರಡನೇ ಸಲಾನೂ ನೋಡಿದ್ರು. ಆಮೇಲೆ ಬಗ್ಗಿ ಬೂಟು ಬಿಗಿ ಮಾಡ್ಕೊಂಡ್ರು" ಅಂದಳು. ನಾನು ಹೋಗಿ ನಿನ್ನಪ್ಪನನ್ನು ಕೇಳಿದೆ, ಕೇಳಿಸಿತ್ತಾ ಅಂತ. "ಅಷ್ಟು ಜನರ ಮುಂದೆ ಸೊಸೆ ನಿಲ್ಲು ಅಂದ್ಲು ಅಂತ ನಿಲ್ಲೋದಾ?" ಅಂದರು. ಮಗು, ಮೇಲೆ ನಾನು ಕೇಳಿಕೊಂಡದ್ದನ್ನು ಬಿಟ್ಟುಬಿಡು. ಅವಳಿಗೆ ಬರೆಯಬೇಡ. ನಿನ್ನಪ್ಪನಿಗೆ ಬರೆ.